ಬೈತಖೋಲದ ಸ್ಟೋವಿಗೆ ಎಷ್ಟು ವಯಸ್ಸು

ಉಮಾಕಾಂತ ತಾಂಡೇಲರು ಅದನ್ನು
ಹರಿದ ಬಲೆಯ ತುಂಡಿನಲ್ಲಿ ಸುತ್ತಿ ತಂದಿದ್ದರು.
ಪಾಚಿಬಣ್ಣದ ತಗಡಿನ ಡಬ್ಬಿ, ಕೀಲಿಗೆ ತುಕ್ಕು.
"ಮೊಮ್ಮಗಳು ಬಾಂಬು ಅಂದಳು, ಸೊಸೆ ದೇವರ ಸಾಮಾನು ಅಂದಳು.
ಕೈತಾನನ ಮಗಳು ನೀನು, ನೀನೇ ಹೇಳು:
ಇದು ಏನು, ಎಷ್ಟು ವರ್ಷದ್ದು?"

ಏನು ಎಂಬುದಕ್ಕೆ ತಡವಾಗಲಿಲ್ಲ.
ಮೂರು ಕಾಲು ಬೇರೆ, ತಲೆ ಬೇರೆ,
ನಡುವೆ ಮೂಸಂಬಿಯಷ್ಟು ಹಿತ್ತಾಳೆಯ ಹೊಟ್ಟೆ.
ಕಾಲು ಸಿಕ್ಕಿಸಿ ತಲೆ ತಿರುಗಿಸಿ ಕೂರಿಸಿದೆ.
ನಿಂತಿತು, ಆಗಷ್ಟೇ ಈದ ಕರುವಿನ ಹಾಗೆ
ಒಂದು ಕಡೆ ವಾಲಿ.
ಪಯಣದ ಸ್ಟೋವು.
ಮನೆಯ ಸ್ಟೋವು ಕಾಲು ಬಿಚ್ಚಿಡುವುದಿಲ್ಲ.

ವಯಸ್ಸಿನ ಬಗ್ಗೆ ತಾಂಡೇಲರಲ್ಲಿ ಒಂದು ಕತೆಯಿತ್ತು.
ಅವರ ಭಿಕು ಮಾಮ, ಗೋವೆ ಇನ್ನೂ ಪರದೇಶವಾಗಿದ್ದಾಗ,
ಪೋಳೆಂ ಗಡಿಯಲ್ಲಿ ಒಂದು ಬುಟ್ಟಿ ಒಣಬಂಗಡೆ ಕೊಟ್ಟು
ಪೋರ್ತುಗೀಸ್ ಸಿಪಾಯಿಯಿಂದ ಪಡೆದದ್ದಂತೆ.
ಹೇಳಿದಷ್ಟೂ ಸಲ ಬುಟ್ಟಿ ದೊಡ್ಡದಾಗುತ್ತಿತ್ತಂತೆ.

ಮಗುಚಿ ಹಾಕಿದೆ.
ಕಾರ್ಖಾನೆಯವರು ತಳದಲ್ಲಿ ಅಕ್ಷರ ಒತ್ತಿರುತ್ತಾರೆ.
ಇದರಲ್ಲೂ ಒತ್ತಿದ್ದರು. ಯಾರೋ ಹೆಂಗಸು
ಹುಣಸೆ, ಬೂದಿ ಹಾಕಿ ಉಜ್ಜಿ ಉಜ್ಜಿ
ದೇಶದ ಹೆಸರನ್ನೇ ತೊಳೆದುಬಿಟ್ಟಿದ್ದಳು.
ಉಳಿದದ್ದು ಒಂದು ಅಡ್ಡಗೆರೆ, ಮತ್ತೆ
ಸೊನ್ನೆಯೋ ಅಕ್ಷರವೋ ತಿಳಿಯದ ಒಂದು ಉಂಗುರ.
"ಅದು ನಮ್ಮ ಮಾಮಿ," ಅಂದರು ತಾಂಡೇಲರು,
"ಮುಖ ಕಾಣುವವರೆಗೆ ಬಿಡುತ್ತಿರಲಿಲ್ಲ."

ಅಕ್ಷರ ಹೋದಮೇಲೆ ಮೈ ಓದಬೇಕು.
ಪಂಪಿನ ಕಡ್ಡಿ ಎಳೆದೆ. ಅದರ ತೊಗಲು
ಹಳೇ ಫುಟ್‌ಬಾಲಿನದು, ಹೊಲಿಗೆಯ ತೂತು ಇನ್ನೂ ಇದೆ.
ತಲೆ ಮುಂಬಯಿಯದು, ಆಮೇಲೆ ಹಾಕಿಸಿದ್ದು.
ಒಂದು ಕಾಲಂತೂ ದೋಣಿಯ ಮೊಳೆ, ಬಡಿದು ಬಾಗಿಸಿದ್ದು.
ಹೊಟ್ಟೆ ಮಾತ್ರ ಮೂಲದ್ದು. ಅದರ ಸುತ್ತಂಚಿನ ಬೆಸುಗೆ
ಎಳೆಯ ಉಗುರಿನಷ್ಟು ತೆಳು. ಈಗ ಹಾಗೆ ಯಾರೂ ಮಾಡುವುದಿಲ್ಲ.

ಬೆರಳು ಪಂಪಿನ ಬುಡಕ್ಕೆ ಬಂದು ನಿಂತಿತು.
ನಾಲ್ಕಾಣೆಯಷ್ಟು ಒಂದು ತೇಪೆ.
ಸೀಸ ಮುಗಿಯುವಲ್ಲಿ ಎಡಕ್ಕೆ ಎಳೆದ ಸಣ್ಣ ಬಾಲ,
ಗೊದಮೊಟ್ಟೆಯದರಂತೆ.
ಎಡಗೈಯಲ್ಲಿ ಬೆಸೆಯುತ್ತಿದ್ದವನು
ಈ ಪೇಟೆಯಲ್ಲಿ ಒಬ್ಬನೇ.

ಅಪ್ಪ ಈ ಅಂಗಡಿ ಹಾಕಿದಾಗ
ಕೋಡಿಬಾಗದಿಂದ ಸದಾಶಿವಗಡಕ್ಕೆ ಜನ ತಾರಿಯಲ್ಲಿ ದಾಟುತ್ತಿದ್ದರು.
ಆಮೇಲೆ ಸೇತುವೆ ಬಂತು.
ಆ ಸೇತುವೆಯೂ ಒಂದು ಮಳೆಗಾಲದ ನಡುರಾತ್ರಿ
ಕಾಳಿಯೊಳಗೆ ಬಿತ್ತು.
ಅಪ್ಪನ ಕೈ ನಡುಗತೊಡಗಿದ್ದು
ನಾನು ಐದನೇ ಇಯತ್ತೆಯಲ್ಲಿದ್ದಾಗ.
ಆಮೇಲಿನ ತೇಪೆಗಳ ಅಂಚು ಅಲೆ ಅಲೆ;
ಗಿರಾಕಿಗಳು ನೋಡಿಯೂ ನೋಡದ ಹಾಗೆ ದುಡ್ಡು ಕೊಡುತ್ತಿದ್ದರು.
ಇದರಲ್ಲಿ ಅಲೆಯಿಲ್ಲ.

"ಮಡಗಾಂವಿನ ಅಂಗಡಿಯವನು," ತಾಂಡೇಲರು ಮೆಲ್ಲಗೆ ಅಂದರು,
"ಅರವತ್ತು ದಾಟಿದ್ದರೆ ಎರಡು ಪಟ್ಟು ಕೊಡುತ್ತಾನೆ.
ಉರಿದರೆ ಇನ್ನೂ ಹೆಚ್ಚು."
ಹೊಸ ತೊಗಲು ಹಾಕಿದೆ, ಪಿನ್ನು ಚುಚ್ಚಿದೆ.
ಔಷಧದ ಬಾಟಲಿಯಲ್ಲಿ ಅವರೇ ತಂದಿದ್ದರು
ದೋಣಿಯ ಸೀಮೆಎಣ್ಣೆ.
ಮೊದಲು ಕೆಮ್ಮಿತು, ಹಳದಿ ಕಾರಿತು,
ಆಮೇಲೆ ನೀಲಿಗೆ ಇಳಿದು
ಜೋರಾಗಿ ಉಸಿರಾಡತೊಡಗಿತು.
ಚಹಾ ಕುದಿಯುವವರೆಗೆ ಇಬ್ಬರೂ ಮಾತಾಡಲಿಲ್ಲ,
ಆ ಸದ್ದಿನಲ್ಲಿ ಮಾತು ಕೇಳಿಸುತ್ತಲೂ ಇರಲಿಲ್ಲ.

ಚೀಟಿಯಲ್ಲಿ ಬರೆದುಕೊಟ್ಟೆ:
ಹೊಟ್ಟೆ, ಎಪ್ಪತ್ತರ ಆಚೀಚೆ.
ತಲೆ, ನಲವತ್ತೈದು. ತೊಗಲು, ಇವತ್ತಿನದು.
ತೇಪೆ, ನಾನು ಐದನೇ ಇಯತ್ತೆಗೆ ಹೋಗುವ ಮೊದಲಿನದು.
ಸಿಪಾಯಿಯ ಬಗ್ಗೆ ಹಿತ್ತಾಳೆ ಏನೂ ಹೇಳುವುದಿಲ್ಲ.
ತೊಗಲಿಗೆ ಮೂವತ್ತು ರೂಪಾಯಿ ತಗೊಂಡೆ.

ಆರಿದ ಮೇಲೆ ಬಿಚ್ಚಿ ಡಬ್ಬಿಗೆ ತುಂಬಿದರು.
ಮೊಳೆಯ ಕಾಲು ಮಾತ್ರ ಒಳಗೆ ಹಿಡಿಸಲಿಲ್ಲ.
ಯಾವತ್ತೂ ಹಿಡಿಸಿರಲಿಕ್ಕಿಲ್ಲ.
ಅದನ್ನು ಅಂಗಿಯ ಕಿಸೆಯಲ್ಲಿ ಸಿಕ್ಕಿಸಿಕೊಂಡರು, ಪೆನ್ನಿನ ಹಾಗೆ.
"ಮಾರುವಾಗ ಅದನ್ನೂ ಕೊಡುತ್ತೀರಾ?" ಕೇಳಿದೆ.
"ಮೂರನೇ ಕಾಲಿಲ್ಲದೆ ನಿಲ್ಲುತ್ತದಾ?" ಅಂದರು,
ಕಿಸೆ ಮುಟ್ಟಿ ನೋಡಿಕೊಂಡು
ಬಂದರದ ಕಡೆಯ ಬಸ್ಸು ಹತ್ತಿದರು.