ಕತ್ತು ತಿರುಗಿಸಿ ನೋಡಿದ್ದು

ಇಪ್ಪತ್ತೆರಡು ವರ್ಷ ಬಗ್ಗಿಯೇ ದುಡಿದೆ,
ಅವರಿವರ ಬಾಯೊಳಗೆ.
ಬ್ಯಾಲರಾಟ್ ಊರಿನ ಅರ್ಧ ದವಡೆಗಳು ನನಗೆ ಗೊತ್ತು;
ಅಂಗಡಿಯಲ್ಲಿ ಎದುರಾದರೆ ಹೆಸರು ನೆನಪಾಗದು,
ನಕ್ಕರೆ ಸಾಕು, ಹೇಳಿಬಿಡುತ್ತೇನೆ:
ಕೆಳಗಡೆ, ಎಡಕ್ಕೆ, ಆರನೆಯದು, ರೂಟ್ ಕೆನಾಲ್.

ಯಾರಿಗೂ ತಲೆ ತಗ್ಗಿಸಿದವಳಲ್ಲ ಅಂತ ನನಗೊಂದು ಜಂಬ.
ಕತ್ತು ಒಪ್ಪಲಿಲ್ಲ.
ದಿನಕ್ಕೆ ಹದಿನಾಲ್ಕು ಮಂದಿಗೆ ತಗ್ಗಿಸಿದ್ದೀಯ, ಎಂದಿತು,
ಲೆಕ್ಕ ಇಟ್ಟಿದ್ದೇನೆ.

ಲೆಕ್ಕ ಚುಕ್ತಾ ಮಾಡಿದ್ದು ಜೂನ್ ತಿಂಗಳ ಒಂದು ಬೆಳಿಗ್ಗೆ,
ಕಾರಿನ ಗಾಜಿನ ಮೇಲೆ ಕಟ್ಟಿದ ಹಿಮ ಕೆರೆಯುವಾಗ.
ಎಡಭುಜದಿಂದ ಕಿವಿಯ ಬುಡದ ತನಕ
ಯಾರೋ ಕಾದ ತಂತಿ ಎಳೆದ ಹಾಗೆ.
ಕೈಯಲ್ಲಿದ್ದ ಸ್ಕ್ರೇಪರ್ ಕೆಳಗೆ ಬಿತ್ತು.
ಎತ್ತಿಕೊಳ್ಳಲಾಗಲಿಲ್ಲ. ಮೂರು ದಿನ ಅಲ್ಲೇ ಇತ್ತು.

ಫಿಸಿಯೋ ಮೊಯ್ರಾ ಟ್ರೆಗೆಂಜಾಳದು ದಪ್ಪ ಕೈ, ಬೆಚ್ಚನೆ ಕೈ.
ಜಲಜಾಕ್ಷಿ ಅವಳ ನಾಲಗೆಯ ಮೇಲೆ ಹೊರಳದೆ
ಜಾಲ್ ಆದೆ.
ಹೆಬ್ಬೆರಳು ಬೆನ್ನಮಣಿಗಳ ಮೇಲೆ ಒಂದೊಂದಾಗಿ ಇಳಿಯಿತು
ತೆಂಗಿನಕಾಯಿ ತಟ್ಟಿ ನೋಡುವವರ ಹಾಗೆ.
ಇಲ್ಲಿ? ಇಲ್ಲ.
ಇಲ್ಲಿ? ಇಲ್ಲ.
ಇಲ್ಲಿ?
ನನ್ನ ರೋಗಿಗಳಂತೆಯೇ ನಾನೂ ಬಾಯಿ ತೆರೆದೆ,
ಆ...

ಏನೂ ಮುರಿದಿಲ್ಲ, ಅಂದಳು. ಹಾಸಿಗೆ ಹಿಡಿಯಬೇಡ, ಅಂದಳು.
ನಿಜ ಹೇಳಬೇಕೆಂದರೆ ನಿರಾಸೆಯಾಯಿತು.
ದೊಡ್ಡದೇನಾದರೂ ಇರಲಿ, ಹಿಡಿದು ಎಳೆದು
ಬಟ್ಟಲಿಗೆ ಹಾಕಿಬಿಡಲಿ ಅಂತಿದ್ದೆ.
ಹಲ್ಲು ಕೀಳುವವಳ ಬುದ್ಧಿ.

ಅವಳು ಕೊಟ್ಟಿದ್ದು ಒಂದು ಹಳದಿ ರಬ್ಬರ್ ಪಟ್ಟಿ,
ಮಡಚಿದ ಒಂದು ಹಾಳೆ:
ಗದ್ದ ಹಿಂದಕ್ಕೆ, ಹತ್ತು ಸಲ. ರೆಕ್ಕೆಮೂಳೆ ಕೂಡಿಸು, ಹತ್ತು ಸಲ.
ಮಂಡಿಯೂರಿ, ಅಂಗೈಯೂರಿ
ಬೆಕ್ಕಾಗು, ಆಮೇಲೆ ಹಸುವಾಗು.
ನೋವು ಗದರಿದರೆ ನಿಲ್ಲಿಸು, ಗೊಣಗಿದರೆ ಮುಂದುವರಿಸು.
ಗದ್ದ ಎಳೆದರೆ ಕನ್ನಡಿಯಲ್ಲಿ ನಮ್ಮ ಸೋದರತ್ತೆ.
ಬೆಕ್ಕಾದರೆ ಗಂಡ ಕಾಫಿ ಲೋಟ ಹಿಡಿದು
ಏನೂ ಕಾಣದವನಂತೆ ದಾಟಿಕೊಂಡು ಹೋಗುತ್ತಾನೆ.
ರಾತ್ರಿ ಗೋಧಿ ತುಂಬಿದ ಚೀಲ, ಮೈಕ್ರೋವೇವಿನಲ್ಲಿ ಎರಡು ನಿಮಿಷ,
ಕತ್ತಿನ ಸುತ್ತ.
ಮನೆಯೆಲ್ಲ ಹುರಿದ ಗೋಧಿಯ ಘಮ,
ನಾಳೆ ಯಾವುದೋ ಹಬ್ಬವಿದೆ ಅನ್ನುವ ಹಾಗೆ.

ಗುರುವಾರ ಬಿಸಿನೀರಿನ ಕೊಳ.
ಎದೆಮಟ್ಟದ ನೀರಿನಲ್ಲಿ ಎಂಟು ಜನ ಅರ್ಧ ಗಂಟೆ
ಎಲ್ಲಿಗೂ ಹೋಗದೆ ನಡೆಯುತ್ತೇವೆ.
ನನ್ನ ಪಕ್ಕ ಡೆಸ್ ಹ್ಯಾಲೊರನ್, ಎಪ್ಪತ್ತೊಂದು,
ಕುರಿಯ ಉಣ್ಣೆ ಕತ್ತರಿಸುತ್ತಿದ್ದವನು,
ನಲವತ್ತು ವರ್ಷ ಸೊಂಟ ಮಡಚಿಕೊಂಡೇ ಇದ್ದವನು.
ದಿನಕ್ಕೆ ಎಷ್ಟು? ಕೇಳಿದೆ.
ನೂರೈವತ್ತು. ನಿನ್ನದು?
ಹದಿನಾಲ್ಕು.
ಒದೀತಾವಾ?
ಮಕ್ಕಳು ಒದೀತಾರೆ. ದೊಡ್ಡವರು ಕಚ್ಚುತ್ತಾರೆ.
ನಕ್ಕ. ಮೇಲಿನ ಸಾಲು ಪೂರ್ತಿ ಕಟ್ಟಿಸಿದ್ದು.
ಒಳ್ಳೆಯ ಕೆಲಸ. ನನ್ನದಲ್ಲ.

ಶೆಡ್ಡಿನ ಸೂರಿನಿಂದ ಸ್ಪ್ರಿಂಗಿಗೆ ಜೋಳಿಗೆ ತೂಗುಹಾಕಿರುತ್ತಿದ್ದರಂತೆ,
ಎದೆ ಅದರಲ್ಲಿಟ್ಟು ಬಗ್ಗಿದರೆ ಬೆನ್ನಿಗೆ ಭಾರವಿಲ್ಲ.
ಅದು ಮುದುಕರಿಗೆ ಅಂತಿದ್ದೆ, ಎಂದ ಡೆಸ್,
ಮೂವತ್ತರಲ್ಲಿ ಎಂಥ ಕೊಬ್ಬು ನೋಡು.
ಮಾತು ನಿಲ್ಲಿಸಿ ಅಂಗಾತ ತೇಲಿದ.
ಅಷ್ಟು ದೊಡ್ಡ ದೇಹ. ನೀರು
ಏನೂ ಕೇಳದೆ ಎತ್ತಿಕೊಂಡಿತು.

ಈಗ ಕುರ್ಚಿಯನ್ನು ಎತ್ತರಿಸಿಕೊಳ್ಳುತ್ತೇನೆ,
ರೋಗಿ ನನ್ನ ಬಳಿ ಬರಲಿ ಅಂತ.
ಇಬ್ಬರ ನಡುವೆ ಬಾಗಿಲಲ್ಲಿ ನಿಂತು ಗದ್ದ ಎಳೆಯುತ್ತೇನೆ.
ಕಾಯುತ್ತಿದ್ದ ಐದು ವರ್ಷದ ಪೋರ
ತಾನೂ ಎಳೆದ, ಕಣ್ಣು ಮೇಲೆ ಮಾಡಿ.
ಹೆದರಿಕೆಗೆ ಮದ್ದು ಅಂದುಕೊಂಡನೋ ಏನೋ.

ನೋವು ಪೂರ್ತಿ ಹೋಗಿಲ್ಲ.
ಚಳಿ ಹೆಚ್ಚಾದ ದಿನ ಕಿವಿಯ ಬುಡದಲ್ಲಿ ನಿಂತು
ಸಣ್ಣಗೆ ಕೆಮ್ಮುತ್ತದೆ.
ಆದರೆ ಆಗಸ್ಟಿನ ಒಂದು ಸಂಜೆ, ಕಾರು ಹಿಂದಕ್ಕೆ ತೆಗೆಯುವಾಗ,
ಕನ್ನಡಿ ನೋಡುವುದು ಬಿಟ್ಟು
ಯೋಚನೆಯೇ ಇಲ್ಲದೆ ಕತ್ತು ತಿರುಗಿಸಿದ್ದೆ.
ತಿರುಗಿತು.
ಹಿಂದಿನ ಗಾಜಿನಡಿ ಧೂಳು ಹೊದ್ದು ಮಲಗಿತ್ತು
ಹೋದ ವರ್ಷ ಕಳೆದುಹೋದ ನನ್ನ ಹಸಿರು ಛತ್ರಿ.

ಗುರುವಾರ ಡೆಸ್‌ಗೆ ಹೇಳಿದೆ.
ಛತ್ರಿ ಸಿಕ್ಕಿತಲ್ಲ, ಇನ್ನು ಮಳೆ ಬರಲ್ಲ ಬಿಡು, ಎಂದ
ಕೊಳದ ಕಂಬಿ ಹಿಡಿದು
ಮೆಲ್ಲಗೆ ಸೊಂಟ ಹೊರಳಿಸುತ್ತಾ.