ಏಳನೇ ನಂಬರಿನ ಬೋರು

ಮೂರು ತಿಂಗಳಿಗೊಮ್ಮೆ ಬರುತ್ತಿದ್ದೆ.
ಮಂಡಳಿಯವರು ಜೀಪು ಕೊಟ್ಟರೆ ಜೀಪಿನಲ್ಲಿ,
ಇಲ್ಲವಾದರೆ ಮೈಸೂರಿನ ರಿಂಗ್ ರೋಡಿನಲ್ಲಿ ಬಸ್ಸಿಳಿದು
ಐಸು ಡಬ್ಬ ಹೆಗಲಿಗೆ ಹಾಕಿಕೊಂಡು.

ಮೊದಲು ಐದು ನಿಮಿಷ ನೀರು ಹರಿಯಬಿಡಬೇಕು.
ಪೈಪಿನಲ್ಲಿ ನಿಂತದ್ದು ಸಾಕ್ಷಿಗೆ ಬರುವುದಿಲ್ಲ,
ನೆಲದೊಳಗಿನದೇ ಬರಬೇಕು. ನಿಯಮ ಹಾಗಿದೆ.
ಆ ಐದು ನಿಮಿಷ ದ್ಯಾವಮ್ಮ ನನ್ನನ್ನೇ ನೋಡುತ್ತಿದ್ದಳು,
ಅವಳ ಹಸು ನೀರನ್ನು.

ಆಮೇಲೆ ಬಾಟಲಿ, ಎರಡು ತೊಟ್ಟು ಆಸಿಡ್ಡು, ಮುಚ್ಚಳ, ಚೀಟಿ.
ಬಣ್ಣ: ನಸು ಹಳದಿ.
ವಾಸನೆ: ಇಲ್ಲ.
ಜವಾಬ್ದಾರರು:
ಇಲ್ಲಿ ಹನ್ನೊಂದು ವರ್ಷವೂ ಒಂದು ಗೆರೆ ಎಳೆದಿದ್ದೇನೆ.

"ನಿಂಬೆ ಪಾನಕ ಇದ್ದಂಗೈತೆ, ಅಲ್ವಾ ಸಾ?"
ದ್ಯಾವಮ್ಮ ನಗುತ್ತಿದ್ದಳು.
ನಾನು ನಗುವಂತಿರಲಿಲ್ಲ, ಡ್ಯೂಟಿಯಲ್ಲಿದ್ದೆ.

ಗೋಡೆಯಾಚೆ ಕ್ರೋಮ್ ಕಾರ್ಖಾನೆಯಿತ್ತು.
ಸೈಕಲ್ಲಿನ ಹ್ಯಾಂಡಲ್ಲು, ಸ್ಕೂಟರಿನ ಬಂಪರು,
ಬೀರುವಿನ ಹಿಡಿ, ಯಾರದೋ ಮದುವೆಮಂಚದ ಕಾಲು,
ಎಲ್ಲ ಮಂಕಾಗಿ ಒಳಹೋಗಿ
ಮುಖ ಕಾಣುವಷ್ಟು ಮಿಂಚಿ ಹೊರಬರುತ್ತಿದ್ದವು.
ತೊಳೆದ ನೀರು ಎಲ್ಲಿ ಹೋಯಿತೆಂದು ಆಗ
ಯಾರೂ ಕೇಳಲಿಲ್ಲ. ನಾನೂ ಒಂದು ಹ್ಯಾಂಡಲ್ಲು ಮಾಡಿಸಿದ್ದೆ.

ಈಗ ಅಲ್ಲಿ ಲಂಟಾನದ ಪೊದೆ, ಬಾಗಿಲಿಲ್ಲದ ವಾಚ್‌ಮನ್ ಕೋಣೆ,
ಮಳೆಗೆ ಶಾಯಿ ಇಳಿದ ಬ್ಯಾಂಕಿನ ಹರಾಜು ನೋಟೀಸು.

ಆ ತೊಟ್ಟಿಗಳ ಮೇಲೆ ಇಪ್ಪತ್ತೆರಡು ವರ್ಷ ಬಾಗಿ ನಿಂತವನು
ಜವರಶೆಟ್ಟಿ. ಮೂಗಿನ ನಡುಗೋಡೆ ತೂತಾಗಿದೆ.
ಉಸಿರೆಳೆದರೆ ಸಣ್ಣಗೆ ಸಿಳ್ಳು;
ಮೊಮ್ಮಕ್ಕಳು ಎದೆಗೆ ಕಿವಿಯಿಟ್ಟು
ರೈಲು ಬಂತು, ರೈಲು ಬಂತು ಅನ್ನುತ್ತವೆ.
ನನ್ನ ಚೀಟಿಯಲ್ಲಿ ಮೂಗಿಗೆ ಕಾಲಂ ಇರಲಿಲ್ಲ.

ಮೂರನೇ ವರ್ಷ ಆದೇಶ ಬಂತು, ಪಂಪಿಗೆ ಕೆಂಪು ಬಳಿದೆ.
ಕುಡಿಯಲು ಯೋಗ್ಯವಲ್ಲ. ಅಕ್ಷರ ನನ್ನದೇ,
'ಯೋ' ಸ್ವಲ್ಪ ಸೊಟ್ಟ.
ಡಬ್ಬಿಯಲ್ಲಿ ಮಿಕ್ಕ ಬಣ್ಣವನ್ನು ದ್ಯಾವಮ್ಮ ಕೇಳಿ ಪಡೆದು
ಹಬ್ಬ ಬಂತೆಂದು ಹೊಸ್ತಿಲಿಗೆ ಬಳಿದಳು.

ನೀರಿಗೆ ಓದು ಬಾರದು.
ಅದಕ್ಕೆ ತಿಳಿದದ್ದು ಇಳಿಜಾರೊಂದೇ.
ನನ್ನ ನೋಟ್‌ಬುಕ್ಕಿನಲ್ಲಿ ಪೆನ್ಸಿಲಿನ ನಕ್ಷೆಯಿದೆ:
ನಾಲ್ಕನೆಯ ಬೋರು ಹಳದಿಯಾದ ವರ್ಷ, ಆರನೆಯದು, ಏಳು.
ಲೆಕ್ಕ ಹಾಕಿದರೆ ವರ್ಷಕ್ಕೆ ಹದಿನೈದು ಮಾರು ನಡೆಯುತ್ತದೆ,
ಬಸುರಿಯ ಹಾಗೆ, ಅವಸರವಿಲ್ಲದೆ.
ಎಂಟನೆಯದು ಶಾಲೆಯದು.

ಫೈಲು ಅದಕ್ಕಿಂತ ಮೆಲ್ಲಗೆ ನಡೆಯಿತು.
ಬೆಂಗಳೂರಿಗೆ ಹೋಯಿತು, ಪರಿಶೀಲನೆಯಲ್ಲಿತ್ತು,
ಸಾಹೇಬರು ಬದಲಾದರು, ಮತ್ತೆ ಪರಿಶೀಲನೆಯಲ್ಲಿತ್ತು.
ಕಳೆದ ಆಷಾಢದಲ್ಲಿ ಪತ್ರ:

'ಸದರಿ ಕಾರ್ಖಾನೆಯು ಅಸ್ತಿತ್ವದಲ್ಲಿ ಇಲ್ಲದಿರುವುದರಿಂದ
ಸದರಿ ಸ್ಥಳದ ಮಾದರಿ ಸಂಗ್ರಹಣೆಯನ್ನು ಕೈಬಿಡತಕ್ಕದ್ದು.'

ಎರಡು ಸಲ ಓದಿದೆ.
ಅಸ್ತಿತ್ವದಲ್ಲಿ ಇಲ್ಲದ್ದು
ಹೀಗೆ ತಿಂಗಳು ತಿಂಗಳೂ ಕೊಡ ತುಂಬುವುದುಂಟೆ?
ಟಪ್ಪಾಲು ಪುಸ್ತಕದಲ್ಲಿ ಸಹಿ ಹಾಕಿದೆ. ಸ್ವೀಕರಿಸಲಾಗಿದೆ.

ಈಗ ಭಾನುವಾರ ಬಿಟ್ಟು ರಜೆ ಹಾಕಿ ಬರುತ್ತೇನೆ,
ಭಾನುವಾರ ಶಾಲೆಗೆ ಬೀಗ.
ಐಸು ಡಬ್ಬವಿಲ್ಲ, ಚೀಟಿಯಿಲ್ಲ.
ಮನೆಯಿಂದ ಒಂದು ಪಿಂಗಾಣಿ ಬಟ್ಟಲು, ಕರ್ಚೀಫಿನಲ್ಲಿ ಸುತ್ತಿ.

ನಲ್ಲಿ ತಿರುಗಿಸಿ ಬಟ್ಟಲು ತುಂಬುತ್ತೇನೆ.
ಬೇವಿನ ನೆರಳಲ್ಲಿ ತಿಳಿ.
ಬಿಸಿಲಿಗೆ ಹಿಡಿದರೆ, ಗೊತ್ತಾಗುವುದಿಲ್ಲ.
ಇಪ್ಪತ್ತು ವರ್ಷ ಚಹಾ ಕುಡಿದ ಬಟ್ಟಲು,
ಇದರ ಬಿಳುಪನ್ನೇ ನಂಬುವ ಹಾಗಿಲ್ಲ.

ಹಿಂದೆ ಒಬ್ಬ ಹುಡುಗಿ ಬೊಗಸೆಯೊಡ್ಡಿ ನಿಂತಿದ್ದಾಳೆ,
ಮೊಸರನ್ನ ಅಂಟಿದ ಬೆರಳು.
"ಸೈಡಿಗೋಗಿ ಸಾ, ಬೆಲ್ ಹೊಡೆದ್ಬುಡ್ತಾರೆ."

ಐದು ನಿಮಿಷ ಹರಿಯಲಿ ಮಗೂ, ಅನ್ನುತ್ತೇನೆ,
ನಿಯಮ ಹಾಗಿದೆ.