ಗೈರುಹಾಜರು

ಸಿತ್ರಾದ ಜೆಟ್ಟಿಯ ಬಳಿ, ತಗಡಿನ ಕೋಣೆಯಲ್ಲಿ
ನಾನು ಟೈಮ್‌ಕೀಪರ್. ಕೆಲಸ ಸುಲಭ:
ಹಲಗೆಗೆ ಮುನ್ನೂರ ಹನ್ನೆರಡು ಮೊಳೆ,
ಮೊಳೆಗೊಂದು ಹಿತ್ತಾಳೆ ಬಿಲ್ಲೆ.
ಬಿಲ್ಲೆ ಎತ್ತಿಕೊಂಡವನು ಬಂದ,
ನೇತಾಡುವ ಬಿಲ್ಲೆಯವನು ಬಂದಿಲ್ಲ.
ಅವನ ಹೆಸರು ನನಗೆ ಬೇಕಿಲ್ಲ.

ಯುದ್ಧ ಮುಗಿದ ಮೂರನೇ ಬೇಸಗೆ.
ಐಸ್ ಇತ್ತು, ಸಾಹೇಬರ ಮೆಸ್ಸಿನಲ್ಲಿ.
ನಮಗೆ ಟ್ಯಾಂಕಿನ ನೀರು,
ಒಲೆ ಹಚ್ಚದೆಯೇ ಚಹಾದಷ್ಟು ಬಿಸಿ.
ಇನ್ನೂರ ಎಂಟು, ಕೊಗ್ಗ ಸಾಲ್ಯಾನ್, ಬೆಂಗ್ರೆಯವನು,
ರಿವೆಟ್ ಹೊಡೆಯುತ್ತಿದ್ದವನು ಬಿದ್ದದ್ದಲ್ಲ, ಸುಮ್ಮನೆ ಕೂತ.
ಕೂತವನು ಏಳಲಿಲ್ಲ.
ಅರ್ಧ ದಿನದ ಸಂಬಳ ಮುರಿದು ಬರೆದವನು ನಾನು.
ನಿಯಮ ಹಾಗಿತ್ತು.

ಆ ರಾತ್ರಿ ಉಂಞಿಮೋನುವಿನ ಅಡುಗೆ ಚಪ್ಪರದಲ್ಲಿ
ಒಂದು ಮಾತಿಗಾಗಿ ಹುಡುಕಾಟ.
ಬೊಂಬಾಯಿಯ ಗಿರಣಿ ಕಂಡು ಬಂದ ಬೊನವೆಂಚರ್
ಯೂನಿಯನ್ ಅಂದ, ದನಿ ತಗ್ಗಿಸಿ,
ಕತ್ತಲಲ್ಲಿ ಹಾವಿನ ಹೆಸರು ಹೇಳುವವರ ಹಾಗೆ.
ಅರಬಿಯಲ್ಲಿ ಅದಕ್ಕೇನು? ಯಾರಿಗೂ ಗೊತ್ತಿಲ್ಲ.
ಮರ್ಹೂನ್, ಮುತ್ತಿಗೆ ಮುಳುಗುತ್ತಿದ್ದ ಮುದುಕ,
ಅಪ್ಪನ ಸಾಲಕ್ಕೆ ಕಡಲಿಗಿಳಿದು
ಮಗನಿಗೆ ಅದು ದಾಟದಿರಲೆಂದು ಕಂಪನಿಗೆ ಬಂದವನು,
ಒಂದು ಕಿವಿಯನ್ನು ನೀರಿಗೆ ಕೊಟ್ಟವನು,
ಸೊಂಟಕ್ಕೆ ಸುತ್ತಿದ್ದ ಹಗ್ಗ ಬಿಚ್ಚಿ
ಮುರುಕು ಹಿಂದೂಸ್ತಾನಿಯಲ್ಲಿ ಹೇಳಿದ:
"ತಳದಲ್ಲಿ ಉಸಿರು ಮುಗಿದಾಗ ಹೀಗೆ ಒಂದು ಜಗ್ಗು.
ಮೇಲೆ ದೋಣಿಯಲ್ಲಿ ಹಗ್ಗ ಹಿಡಿದವನೊಬ್ಬ ಇರಬೇಕು.
ಅವನು ನಿದ್ದೆ ಮಾಡಬಾರದು.
ಇದೇ ತಾನೆ ನೀವು ಹೇಳುತ್ತಿರುವುದು?"

ಇದೇ, ಅಂದೆವು.

ಅರ್ಜಿ ಬರೆದದ್ದು ಬೊನವೆಂಚರ್, ಸಾಹೇಬರದೇ ಟೈಪ್‌ರೈಟರಿನಲ್ಲಿ.
ತಣ್ಣೀರು. ನೆರಳು. ಸತ್ತವನ ಮನೆಗೆ ಮೂರು ತಿಂಗಳ ಸಂಬಳ.
ಆಮೇಲೆ ಸಹಿ. ಮೊದಲ ಸಹಿ ಯಾರದು?
ಮೊದಲಿಗನಿಗೆ ಮೊದಲ ಹಡಗು, ಎಲ್ಲರಿಗೂ ಗೊತ್ತಿತ್ತು.
ಉಂಞಿಮೋನು ಅನ್ನದ ತಟ್ಟೆ ತೊಳೆದು ಒರೆಸಿ
ಕಾಗದದ ಮೇಲೆ ಕವುಚಿದ,
ಅಂಚಿನ ಸುತ್ತ ಪೆನ್ಸಿಲ್ ಓಡಿಸಿದ.
ಗೆರೆಗುಂಟ ಹೆಸರು, ತಿರುಗಿ ತಿರುಗಿ:
ಕನ್ನಡ, ಮಲಯಾಳ, ಉರ್ದು, ಅರಬಿ,
ಎಡದಿಂದ ಹೊರಟದ್ದು, ಬಲದಿಂದ ಹೊರಟದ್ದು,
ನಡುನಡುವೆ ಹೆಬ್ಬೆಟ್ಟು.
ಕಾಗದ ನನ್ನ ಮುಂದೂ ಬಂತು.
ಹುಷಾರಿರಲಿಲ್ಲ ಅಂತ ಈಗ ಬರೆಯಬಹುದು.
ತುಂಬ ಹುಷಾರಾಗಿದ್ದೆ.

ಬೆಳಿಗ್ಗೆ ಸೈರನ್ ಕೂಗಿತು.
ಮುನ್ನೂರ ಹನ್ನೆರಡೂ ಮೊಳೆಯಲ್ಲೇ, ಕೊಗ್ಗನದೂ ಸೇರಿ.
ಕಡಲ ಗಾಳಿಗೆ ಒಂದಕ್ಕೊಂದು ತಾಗಿ ಸಣ್ಣ ಸದ್ದು,
ದೂರದಲ್ಲಿ ಎಮ್ಮೆಗಳು ಮನೆಗೆ ಬರುತ್ತಿರುವ ಹಾಗೆ.
ನಾನು ಬರೆದೆ: ಗೈರುಹಾಜರು. ಗೈರುಹಾಜರು.
ಮಧ್ಯಾಹ್ನಕ್ಕೆ ಬೆರಳು ಮರಗಟ್ಟಿತು.

ಸಾಹೇಬ ಕಾಗದ ಹಿಡಿದು ತಿರುಗಿಸಿದ,
ಇನ್ನೊಮ್ಮೆ ತಿರುಗಿಸಿದ, ಲಾರಿಯ ಸ್ಟಿಯರಿಂಗಿನ ಹಾಗೆ.
"ಇದರ ಶುರು ಎಲ್ಲಿ?" ನನ್ನನ್ನೇ ಕೇಳಿದ.
ಗೊತ್ತಿಲ್ಲ ಅಂದೆ.
ಆ ಬೇಸಗೆ ನಾನು ಮಾಡಿದ ಒಳ್ಳೆಯ ಕೆಲಸ ಅದೊಂದೇ.
ಅದೂ ನಿಜವೇ ಆಗಿತ್ತು.

ಒಂಬತ್ತನೇ ದಿನ, ಶುರು ಸಿಗದೆ,
ಕೈಗೆ ಬಂದಲ್ಲಿಂದ ಹದಿನೇಳು ಹೆಸರು ಆರಿಸಿದರು.
ಬೊಂಬಾಯಿ ಹಡಗು. ಬೊನವೆಂಚರನ ಕೈಯಲ್ಲಿ ಟ್ರಂಕು,
ಉಂಞಿಮೋನುವಿನ ಕಂಕುಳಲ್ಲಿ ಅದೇ ತಟ್ಟೆ.
ಮರ್ಹೂನನನ್ನು ಎಲ್ಲಿಗೆ ಕಳಿಸುವುದು? ಊರೇ ಅವನದು.
ಗೇಟಿನ ಹೊರಗೆ ನಿಂತ, ದಿನವೂ,
ಕಿವಿ ಕೇಳುವ ಕಡೆ ನಮಗೆ ತಿರುಗಿಸಿ.

ಮುಂದಿನ ವಾರ ಸತುವಿನ ಪೀಪಾಯಿ ಬಂತು,
ಒಳಗೆ ಐಸ್, ಹೊರಗೆ ಸರಪಣಿ ಕಟ್ಟಿದ ಲೋಟ.
ಕುಡಿದವರಲ್ಲಿ ನಾನೂ ಒಬ್ಬ.
ಹಲ್ಲು ಝುಮ್ಮೆಂದಿತು.

ಇನ್ನೂರ ಎಂಟನ್ನು ಹೊಸ ಹುಡುಗನಿಗೆ ಕೊಟ್ಟೆ,
ಉಳ್ಳಾಲದವನು, ಮೀಸೆ ಇನ್ನೂ ಬಂದಿರಲಿಲ್ಲ.
ಬಿಲ್ಲೆ ತಿರುವಿ ನೋಡಿ
"ಯಾರೋ ಕಚ್ಚಿದ ಹಾಗಿದೆ" ಅಂದ.
ಹೆಸರು ಹೇಳಿದೆ. ಊರು ಹೇಳಿದೆ.
ಹಿಂದೆ ಸಾಲು ಬೆಳೆಯುತ್ತಿತ್ತು.
ನೀರಿನ ಕಥೆಯನ್ನೂ ಹೇಳೋಣವೆಂದು ಬಾಯಿ ತೆರೆದೆ,
ಅವನಾಗಲೇ ಪೀಪಾಯಿಯ ಕಡೆ ನಡೆದಿದ್ದ.